ನಿದ್ರೆಯಲ್ಲಿ ರಕ್ತದ ಆಮ್ಲಜನಕ: ಕೈಪಟ್ಟಿ ಕಟ್ಟಿ ಅಳೆಯುವ ಬಗೆ, ಅದನ್ನು ಓದುವ ಬಗೆ

ಕಲಬುರಗಿಯ ನಮ್ಮ ಮನೆಯಲ್ಲಿ ಈ ವಿಷಯ ಮೊದಲು ಬಂದದ್ದು ಯಂತ್ರದಿಂದಲ್ಲ, ಅವ್ವನ ಬಾಯಿಂದ. “ನಿಮ್ಮಪ್ಪಾರು ಗೊರಕಿ ಹೊಡ್ಕೋತ ಇರ್ತಾರ, ಒಮ್ಮಿಂದೊಮ್ಮೆಲೆ ಗಪ್ ಆಗ್ತಾರ. ಮತ್ತ ಉಸುರು ಬರೂತನಕ ನಾ ಬೆರಳು ಎಣಿಸ್ಕೋತ ಕೂಡ್ತೀನಿ ನೋಡಪಾ” ಎಂದು ಒಂದು ಬೆಳಗ್ಗೆ ಚಹಾ ಸೋಸುತ್ತ ಹೇಳಿದಳು. ಎಷ್ಟು ಎಣಿಸುತ್ತೀ ಎಂದು ಕೇಳಿದಾಗ, ಒಮ್ಮೊಮ್ಮೆ ಎರಡೂ ಕೈಯ ಬೆರಳು ಮುಗಿದು ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ ಎಂದಳು. ನಿದ್ರೆಯಲ್ಲಿ ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಕಾಲ ಉಸಿರು ನಿಂತರೆ ವೈದ್ಯರು ಅದನ್ನು ಒಂದು ‘ಆಪ್ನಿಯಾ’ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅವ್ವ ಲೆಕ್ಕ ಇಡುತ್ತಿದ್ದುದು ಅದನ್ನೇ. ಹೆಸರು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಅದಾದ ಮೇಲೆ ಮನೆಗೆ ಒಂದು ಫಿಟ್‌ನೆಸ್ ಬ್ಯಾಂಡ್, ಅಂದರೆ ಮಣಿಕಟ್ಟಿಗೆ ಕಟ್ಟುವ ಪಟ್ಟಿ, ಬಂತು. ಅದನ್ನು ಕಟ್ಟಿ, ಬಿಚ್ಚಿ, ತಪ್ಪಾಗಿ ಓದಿ, ಗಾಬರಿಯಾಗಿ, ಮತ್ತೆ ಸರಿಯಾಗಿ ಓದಲು ಕಲಿತದ್ದರ ಫಲವಾಗಿ ಈ ಬರಹವಿದೆ. ಬ್ಯಾಂಡು ತೋರಿಸುವ ಒಂದು ರಾತ್ರಿಯ ಒಂದು ಅಂಕಿಗೆ ಬೆಲೆ ಬಹಳ ಕಡಿಮೆ ಎಂಬುದನ್ನೂ, ಹಲವು ರಾತ್ರಿಗಳ ನಕ್ಷೆಯನ್ನು ಪಕ್ಕದಲ್ಲಿ ಮಲಗಿದವರ ಕಿವಿ ಕೇಳಿದ್ದರೊಂದಿಗೆ ಹೊಂದಿಸಿ ಓದಿದಾಗ ಅದಕ್ಕೆ ಅರ್ಥ ಬರುತ್ತದೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಪಟ್ಟಿ ನೋಡುವುದು ಏನನ್ನು

ರಕ್ತದ ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಭಾಗ ಆಮ್ಲಜನಕವನ್ನು ಹೊತ್ತುಕೊಂಡಿದೆ ಎಂಬುದೇ ನಾವು ‘ಎಸ್‌ಪಿಒ2’ ಎಂದು ಕರೆಯುವ ಅಂಕಿ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಸುಮಾರು 940 ನ್ಯಾನೋಮೀಟರಿನ ಅವಗೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಎರಡೂ ಬೆಳಕನ್ನು ಚರ್ಮದೊಳಗೆ ಹಾಯಿಸಿ, ನಾಡಿಯ ಪ್ರತಿ ಬಡಿತಕ್ಕೂ ಅವು ಎಷ್ಟೆಷ್ಟು ಏರಿಳಿಯುತ್ತವೆ ಎಂದು ಹೋಲಿಸಿದರೆ ಈ ಶೇಕಡಾವಾರು ಸಿಗುತ್ತದೆ. ನಾಡಿಯ ಏರಿಳಿತವನ್ನೇ ಅಳತೆಯ ಆಧಾರವಾಗಿಸಿಕೊಳ್ಳುವ ಈ ವಿಧಾನವನ್ನು 1974ರಲ್ಲಿ ಮುಂದಿಟ್ಟವರು ಜಪಾನಿನ ತಂತ್ರಜ್ಞ ತಾಕುಓ ಆಓಯಾಗಿ. ಅವರು ಬೇರೊಂದು ಅಳತೆಯಲ್ಲಿ ತೊಂದರೆ ಕೊಡುತ್ತಿದ್ದ ನಾಡಿಯ ಏರಿಳಿತವನ್ನು ತೆಗೆದುಹಾಕಲು ಹೊರಟಿದ್ದರು. ಆ ತೊಂದರೆಯೇ ಉಪಯೋಗಕ್ಕೆ ಬಂತು.

ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಬೆಳಕು ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಗೆ ಹಾಯುತ್ತದೆ. ಮಣಿಕಟ್ಟಿನಲ್ಲಿ ಎಲುಬಿರುವುದರಿಂದ ಬೆಳಕು ಆಚೆ ಹಾಯುವುದಿಲ್ಲ. ಅಲ್ಲಿ ಪಟ್ಟಿ ನಂಬಿಕೊಂಡಿರುವುದು ಚರ್ಮದೊಳಗೆ ಚದುರಿ ಹಿಂದಿರುಗಿದ ಬೆಳಕನ್ನು. ಹಿಂದಿರುಗುವ ಬೆಳಕು ಕಡಿಮೆ, ಮಣಿಕಟ್ಟಿನ ಚರ್ಮದಲ್ಲಿ ಬೆರಳ ತುದಿಯಷ್ಟು ರಕ್ತಸಂಚಾರವೂ ಇಲ್ಲ. ಆದ್ದರಿಂದ ಕೈ ಸ್ವಲ್ಪ ಅಲುಗಿದರೂ, ತಣ್ಣಗಾದರೂ, ಪಟ್ಟಿ ಸಡಿಲವಾದರೂ ಅಂಕಿ ಕೆಡುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಒಂದು ಕಾರಣದಿಂದ.

ಕೊಳ್ಳುವಾಗ

ಡಬ್ಬಿಯ ಮೇಲೆ ‘ಎಸ್‌ಪಿಒ2’ ಎಂದು ಬರೆದಿದ್ದರೆ ಸಾಲದು. ಅನೇಕ ಪಟ್ಟಿಗಳು ಎಚ್ಚರವಿರುವಾಗ ಗುಂಡಿ ಒತ್ತಿದರೆ ಮಾತ್ರ ಒಮ್ಮೆ ಅಳೆಯುತ್ತವೆ. ನಿದ್ರೆಯುದ್ದಕ್ಕೂ ತಾವಾಗಿಯೇ ಅಳೆದು ನಕ್ಷೆ ಬರೆಯುವ ಸೌಲಭ್ಯ ಅವುಗಳಲ್ಲಿರುವುದಿಲ್ಲ. ಅಂಗಡಿಯವರಿಗೆ “ಮಲಗಿದಾಗ ತಾನಾಗಿ ಅಳೆಯುತ್ತದೆಯೇ, ಎಷ್ಟು ನಿಮಿಷಕ್ಕೊಮ್ಮೆ ಅಳೆಯುತ್ತದೆ” ಎಂಬ ಎರಡು ಪ್ರಶ್ನೆ ಕೇಳಿ, ಉತ್ತರ ಸಿಗದಿದ್ದರೆ ತಯಾರಕರ ಕೈಪಿಡಿಯನ್ನು ಮೊಬೈಲಿನಲ್ಲಿ ತೆರೆದು ನೋಡುವುದು ಒಳ್ಳೆಯದು.

ನಾನು ಮೊದಲು ಪೇಟೆಯಲ್ಲಿ ಸಾವಿರ ರೂಪಾಯಿಯೊಳಗೆ ಒಂದು ಪಟ್ಟಿ ತಂದಿದ್ದೆ. ಅಪ್ಪನ ಕೈಯಲ್ಲಿ 97, ನನ್ನ ಕೈಯಲ್ಲಿ 97, ನೆಗಡಿಯಾಗಿದ್ದ ತಮ್ಮನ ಕೈಯಲ್ಲೂ 97. ಅನುಮಾನ ಬಂದು, ಟವೆಲ್ಲನ್ನು ಬಿಗಿಯಾಗಿ ಸುತ್ತಿ ಅದಕ್ಕೆ ಪಟ್ಟಿ ಕಟ್ಟಿ ಗುಂಡಿ ಒತ್ತಿದೆ. ಟವೆಲ್ಲಿನ ಆಮ್ಲಜನಕವೂ 97 ಬಂತು. ಒಳ್ಳೆಯ ಸೆನ್ಸರುಗಳೂ ನಿರ್ಜೀವ ವಸ್ತುವಿನ ಮೇಲೆ ಒಮ್ಮೊಮ್ಮೆ ಎಡವುತ್ತವೆ, ಆದರೆ ಹತ್ತು ಸಲ ಒತ್ತಿದರೂ ಹತ್ತು ಸಲವೂ ಆರೋಗ್ಯವಂತರ ಅಂಕಿ ತೋರಿಸುವ ಪಟ್ಟಿಯನ್ನು ಹಿಂದಿರುಗಿಸುವುದೇ ಸರಿ. ಕೊಂಡ ದಿನವೇ ಈ ಪರೀಕ್ಷೆ ಮಾಡಿದರೆ ಬಿಲ್ಲು ಕೈಯಲ್ಲಿರುತ್ತದೆ.

ಒಳ್ಳೆಯ ಕಂಪನಿಗಳ ಪಟ್ಟಿ ಮತ್ತು ವಾಚುಗಳೂ ‘ಇದು ವೈದ್ಯಕೀಯ ಬಳಕೆಗಲ್ಲ’ ಎಂದು ಸಣ್ಣಕ್ಷರದಲ್ಲಿ ಬರೆದೇ ಮಾರುತ್ತವೆ. ಅದು ಬರೀ ಕಾನೂನಿನ ಮಾತಲ್ಲ, ಅಕ್ಷರಶಃ ನಿಜ.

ಕಟ್ಟುವುದು

ಮಣಿಕಟ್ಟಿನ ಹೊರಬದಿಯಲ್ಲಿ ಗಂಟಿನಂತೆ ಎದ್ದುಕೊಂಡಿರುವ ಎಲುಬಿದೆ. ಪಟ್ಟಿಯ ಸೆನ್ಸರು ಆ ಎಲುಬಿನ ಮೇಲೆ ಕೂತರೆ ಚರ್ಮಕ್ಕೂ ಸೆನ್ಸರಿಗೂ ನಡುವೆ ಸಂದು ಉಳಿಯುತ್ತದೆ. ಆದ್ದರಿಂದ ಅದಕ್ಕಿಂತ ಒಂದು ಅಥವಾ ಎರಡು ಬೆರಳಿನಷ್ಟು ಮೇಲೆ, ಮೊಣಕೈ ಕಡೆಗೆ, ಮಾಂಸವಿರುವ ಜಾಗದಲ್ಲಿ ಕಟ್ಟಬೇಕು. ಹಗಲಿನಲ್ಲಿ ಕಟ್ಟುವುದಕ್ಕಿಂತ ಒಂದು ರಂಧ್ರ ಬಿಗಿ ಇರಲಿ. ಕೈ ಅಲುಗಿಸಿದಾಗ ಪಟ್ಟಿ ಜಾರಬಾರದು, ಆದರೆ ಬೆರಳು ಜೋಮು ಹಿಡಿಯಬಾರದು, ಬೆಳಗ್ಗೆ ಬಿಚ್ಚಿದಾಗ ಆಳವಾದ ಗುರುತು ಉಳಿಯಬಾರದು. ಬಹಳ ಬಿಗಿಯಾದರೆ ಚರ್ಮದ ರಕ್ತಸಂಚಾರವೇ ಕುಂದಿ, ಅಳೆಯಬೇಕಾದ ನಾಡಿಯೇ ಸೆನ್ಸರಿಗೆ ಸಿಗದೆ ಹೋಗುತ್ತದೆ. ಕತ್ತಲೆಯಲ್ಲಿ ಪಟ್ಟಿಯ ಅಂಚಿನಿಂದ ಕೆಂಪು ಬೆಳಕು ಹೊರಗೆ ಚೆಲ್ಲುತ್ತಿದ್ದರೆ ಅದು ಸಡಿಲವಾಗಿದೆ ಎಂದು ತಿಳಿಯಿರಿ.

ನಮ್ಮ ಭಾಗದ ಹಿರಿಯ ಹೆಣ್ಣುಮಕ್ಕಳಿಗೆ ಕಟ್ಟುವಾಗ ಎರಡು ವಿಷಯ ನೆನಪಿನಲ್ಲಿರಬೇಕು. ಒಂದು, ಬಳೆ. ಗಾಜಿನ ಬಳೆಗಳ ನಡುವೆ ಸಿಕ್ಕಿಕೊಂಡ ಪಟ್ಟಿ ರಾತ್ರಿಯಿಡೀ ತಿರುಗುತ್ತಿರುತ್ತದೆ. ಅವುಗಳನ್ನು ಬಿಚ್ಚಲು ಹೇಳುವುದು ಅನೇಕ ಮನೆಗಳಲ್ಲಿ ಸರಿಹೋಗದ ಮಾತಾದ್ದರಿಂದ, ಬಳೆಗಳನ್ನು ಕೆಳಗೆ ಸರಿಸಿ, ಅವುಗಳ ಮೇಲಕ್ಕೆ ಮುಂಗೈಯಲ್ಲಿ ಪಟ್ಟಿ ಕಟ್ಟಿದರೆ ಸಾಕು. ಎರಡು, ಹಚ್ಚೆ. ಮುಂಗೈಯ ಮೇಲೆ ಸಾಲಾಗಿ ಹಸಿರು ಹಚ್ಚೆ ಚುಚ್ಚಿಸಿಕೊಂಡ ಅಜ್ಜಿಯಂದಿರು ಬೀದರ್, ಯಾದಗಿರಿಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹಚ್ಚೆಯ ಬಣ್ಣ ಸೆನ್ಸರಿನ ಬೆಳಕನ್ನು ನುಂಗಿಬಿಡುತ್ತದೆ. ಅಂಕಿ ಬರದೆಯೇ ಹೋಗಬಹುದು, ಬಂದರೂ ನಂಬುವಂತಿರುವುದಿಲ್ಲ. ಹಚ್ಚೆಯಿಲ್ಲದ ಕೈಗೆ, ಇಲ್ಲವೇ ಅದೇ ಕೈಯ ಖಾಲಿ ಜಾಗಕ್ಕೆ ಕಟ್ಟಿ. ನನ್ನ ಸೋದರತ್ತೆಗೆ ಎರಡೂ ಕೈ ತುಂಬ ಹಚ್ಚೆ ಇದ್ದುದರಿಂದ ಕೊನೆಗೆ ಪಟ್ಟಿಯನ್ನೇ ಬಿಟ್ಟು ಬೆರಳಿನ ಆಕ್ಸಿಮೀಟರಿಗೆ ಮರಳಬೇಕಾಯಿತು.

ಋತುಮಾನವೂ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರ್, ಜನವರಿಯ ಬೀದರಿನ ಚಳಿಯಲ್ಲಿ ಕೈ ಹೊರಗೆ ಚಾಚಿ ಮಲಗಿದರೆ ಚರ್ಮದ ರಕ್ತನಾಳಗಳು ಸಂಕುಚಿತವಾಗಿ, ನಿಜದಲ್ಲಿ ಇಲ್ಲದ ಕುಸಿತಗಳು ನಕ್ಷೆಯಲ್ಲಿ ಕಾಣಿಸುತ್ತವೆ. ಪಟ್ಟಿ ಕಟ್ಟಿದ ಕೈ ಕೌದಿಯೊಳಗೇ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಮಲಗುವವರಿಗೆ ಬೇರೆ ತೊಂದರೆ. ಬೆವರಿನಿಂದ ಪಟ್ಟಿ ಜಾರುತ್ತದೆ, ಬೆಳಗಿನ ಬಿಸಿಲು ನೇರವಾಗಿ ಸೆನ್ಸರಿನ ಸಂದಿಗೆ ಬಿದ್ದರೆ ಆ ಬೆಳಕೂ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಸೂರ್ಯ ಹುಟ್ಟಿದ ಮೇಲಿನ ಅರ್ಧ ಗಂಟೆಯ ಅಂಕಿಗಳನ್ನು ನಾನು ಬೇಸಗೆಯಲ್ಲಿ ಓದುವುದೇ ಇಲ್ಲ. ಪಟ್ಟಿಯನ್ನು ಎರಡು ದಿನಕ್ಕೊಮ್ಮೆ ನೀರಿನಲ್ಲಿ ತೊಳೆದು ಒರೆಸದಿದ್ದರೆ ಬೆವರುಸಾಲೆಯ ತುರಿಕೆಯೂ ಬರುತ್ತದೆ.

ಆ್ಯಪ್‌ನಲ್ಲಿ ಮಾಡಬೇಕಾದದ್ದು

ಹೆಚ್ಚಿನ ಪಟ್ಟಿಗಳಲ್ಲಿ ನಿದ್ರೆಯ ಆಮ್ಲಜನಕ ಅಳತೆ ಮೊದಲಿಗೆ ಬಂದ್ ಆಗಿಯೇ ಇರುತ್ತದೆ, ಏಕೆಂದರೆ ಅದು ಬ್ಯಾಟರಿಯನ್ನು ಬೇಗ ತಿನ್ನುತ್ತದೆ. ಮೊಬೈಲಿನ ಆ್ಯಪ್‌ನಲ್ಲಿ ಆರೋಗ್ಯ ನಿಗಾ ಅಥವಾ ನಿದ್ರೆಯ ವಿಭಾಗಕ್ಕೆ ಹೋಗಿ ಅದನ್ನು ಚಾಲೂ ಮಾಡಬೇಕು. ಹೆಸರು ಒಂದೊಂದು ಕಂಪನಿಯಲ್ಲಿ ಒಂದೊಂದು ಬಗೆ. ಆಯ್ಕೆ ಇದ್ದರೆ ‘ನಿದ್ರೆಯಲ್ಲಿ ಮಾತ್ರ’ ಎಂಬುದನ್ನು ಆರಿಸಿ, ಹಗಲಿನ ಅಳತೆಯಿಂದ ನಮಗೆ ಪ್ರಯೋಜನ ಕಡಿಮೆ. ಮೊಬೈಲಿನ ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪ್ಪನ್ನು ಹಿನ್ನೆಲೆಯಲ್ಲಿ ಮುಚ್ಚಿಬಿಡದಂತೆಯೂ ಅನುಮತಿ ಕೊಡಬೇಕು. ಮೊಬೈಲು ತಲೆದಿಂಬಿನ ಬಳಿಯೇ ಇರಬೇಕೆಂದಿಲ್ಲ. ಪಟ್ಟಿ ರಾತ್ರಿಯ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು ಬೆಳಗ್ಗೆ ಆ್ಯಪ್ ತೆರೆದಾಗ ಒಪ್ಪಿಸುತ್ತದೆ. ಚಾರ್ಜಿಗೆ ನಾವು ರಾತ್ರಿ ಊಟದ ಹೊತ್ತನ್ನು ಗೊತ್ತುಮಾಡಿದ್ದೇವೆ: ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ರಾತ್ರಿಗೆ ಬೇಕಾದಷ್ಟು ಬ್ಯಾಟರಿ ತುಂಬಿರುತ್ತದೆ, ನಡುರಾತ್ರಿ ಕರೆಂಟು ಹೋದರೂ ಚಿಂತೆಯಿಲ್ಲ.

ಕಡಿಮೆ ಆಮ್ಲಜನಕದ ಎಚ್ಚರಿಕೆಯಾಗಿ ಪಟ್ಟಿ ನಡುಗುವ ಸೌಲಭ್ಯವನ್ನು ಮೊದಲ ವಾರದಲ್ಲಿ ಬಂದ್ ಮಾಡಿಡುವುದೇ ಲೇಸು. ಕೈ ಮಡಚಿ ಮಲಗಿದ್ದಕ್ಕೆಲ್ಲ ಅದು ಎಬ್ಬಿಸಿದರೆ ನಿದ್ರೆಯೂ ಹಾಳು, ಲೆಕ್ಕವೂ ಹಾಳು.

ಬೆರಳಿನ ಯಂತ್ರದೊಂದಿಗೆ ಹೋಲಿಕೆ

2020ರ ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದ. ಆಮೇಲಿನ ಎರಡು ವರ್ಷಗಳಲ್ಲಿ ಕೊಂಡ ಬೆರಳಿನ ಆಕ್ಸಿಮೀಟರುಗಳು ಇಲ್ಲಿಯ ಎಷ್ಟೋ ಮನೆಗಳ ಕಪಾಟಿನಲ್ಲಿ ಇನ್ನೂ ಇವೆ. ಅದನ್ನು ಹೊರತೆಗೆದು, ಸೆಲ್ಲುಗಳು ಸೋರಿ ಪಾಚಿಗಟ್ಟಿಲ್ಲವೆಂದು ನೋಡಿ, ಹೊಸ ಸೆಲ್ ಹಾಕಿ.

ಹೋಲಿಕೆಯನ್ನು ಹೀಗೆ ಮಾಡಬೇಕು. ಐದು ನಿಮಿಷ ಗೋಡೆಗೆ ಒರಗಿ ಸುಮ್ಮನೆ ಕೂಡಬೇಕು. ಕೈ ಬೆಚ್ಚಗಿರಬೇಕು, ಎದೆಯ ಮಟ್ಟದಲ್ಲಿ ದಿಂಬಿನ ಮೇಲೆ ಊರಿಕೊಂಡಿರಬೇಕು. ಉಗುರಿಗೆ ಬಣ್ಣವಿದ್ದರೆ ಅಳಿಸಿ. ಮೆಹಂದಿ ದಟ್ಟವಾಗಿದ್ದರೆ ಬಣ್ಣವಿಲ್ಲದ ಬೆರಳನ್ನು ಆರಿಸಿ. ಒಂದು ಕೈಗೆ ಪಟ್ಟಿ, ಇನ್ನೊಂದು ಕೈಯ ಬೆರಳಿಗೆ ಆಕ್ಸಿಮೀಟರ್ ಹಾಕಿ, ಎರಡೂ ಸ್ಥಿರವಾದ ಮೇಲೆ ಅಂಕಿ ಬರೆದುಕೊಳ್ಳಿ. ಇದನ್ನು ಮೂರು ದಿನ, ದಿನಕ್ಕೆ ಎರಡು ಸಲ ಮಾಡಿದರೆ ಪಟ್ಟಿಯ ಸ್ವಭಾವ ತಿಳಿಯುತ್ತದೆ. ಅಪ್ಪನ ಪಟ್ಟಿ ಬೆರಳಿನ ಯಂತ್ರಕ್ಕಿಂತ ಸಾಮಾನ್ಯವಾಗಿ ಎರಡು ಅಂಕ ಕೆಳಗೆ ತೋರಿಸುತ್ತಿತ್ತು. ಅದು ಗೊತ್ತಾಗುವ ಮೊದಲು ಪಟ್ಟಿಯ 93 ನೋಡಿ ನಾನು ಕಂಗಾಲಾಗಿದ್ದೆ. ಎರಡರ ನಡುವೆ ನಾಲ್ಕು ಅಂಕಕ್ಕಿಂತ ಹೆಚ್ಚು ಅಂತರ ಪ್ರತಿ ಸಲವೂ ಬಂದರೆ ಆ ಪಟ್ಟಿಯನ್ನು ಈ ಕೆಲಸಕ್ಕೆ ನೆಚ್ಚಿಕೊಳ್ಳಬೇಡಿ. ಬೆರಳಿನ ಯಂತ್ರವೂ ದೇವರಲ್ಲ. ಅದು 90 ಎಂದರೆ ರಕ್ತದಲ್ಲಿ ನಿಜವಾಗಿ ಇರುವುದು 86ರಿಂದ 94ರ ನಡುವೆ ಎಲ್ಲಿಯಾದರೂ ಆಗಬಹುದು.

ಮೈಬಣ್ಣದ ಮಾತನ್ನೂ ಇಲ್ಲಿಯೇ ಹೇಳಬೇಕು. 2020ರ ಡಿಸೆಂಬರಿನಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆಕ್ಸಿಮೀಟರು ಸರಿಯಾಗಿದೆ ಎಂದು ತೋರಿಸುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ಕಡಿಮೆಯಿದ್ದ ಸಂದರ್ಭಗಳು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಂಡುಬಂದವು. ಹೊಲದ ಬಿಸಿಲಿನಲ್ಲಿ ದುಡಿದು ಕಪ್ಪಾದ ಮೈಯವರು, ಸಹಜವಾಗಿಯೇ ಗಾಢ ಬಣ್ಣದವರು, ಯಂತ್ರದ ಅಂಕಿ ನಿಜಕ್ಕಿಂತ ತುಸು ಮೇಲಿರಬಹುದು ಎಂದಿಟ್ಟುಕೊಂಡು ಓದುವುದು ಜಾಣತನ.

ನಕ್ಷೆಯನ್ನು ಓದುವುದು

ಆರೋಗ್ಯವಂತರಲ್ಲಿ ಎಚ್ಚರವಿರುವಾಗ 95ರಿಂದ 100 ಇರುತ್ತದೆ. ನಿದ್ರೆಯಲ್ಲಿ ಉಸಿರಾಟ ಮಂದವಾಗುವುದರಿಂದ ಎರಡು ಮೂರು ಅಂಕ ಇಳಿಯುವುದು ಸಹಜ. ಬೀದರ್ ಎತ್ತರದ ಊರಾದ್ದರಿಂದ ಅಲ್ಲಿ ಅಂಕಿ ಕಡಿಮೆ ಬರುತ್ತದೆ ಎಂದು ಪರಿಚಿತರೊಬ್ಬರು ಸಮಾಧಾನ ಹೇಳಿಕೊಂಡಿದ್ದರು. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಆ ಮಾತು ಸರಿ, 700 ಮೀಟರನ್ನೂ ಮುಟ್ಟದ ನಮ್ಮ ಊರುಗಳಲ್ಲಿ ಎತ್ತರದ ನೆಪ ನಡೆಯುವುದಿಲ್ಲ.

ಬೆಳಗ್ಗೆ ಆ್ಯಪ್ ತೆರೆದ ಕೂಡಲೇ ಎಲ್ಲರ ಕಣ್ಣು ಹೋಗುವುದು ‘ಕನಿಷ್ಠ’ ಎಂಬ ಅಂಕಿಯ ಮೇಲೆ. ಅದು ರಾತ್ರಿಯ ಅತ್ಯಂತ ಸುಳ್ಳು ಅಂಕಿಯಾಗಿರುವ ಸಾಧ್ಯತೆ ಹೆಚ್ಚು. ಪಟ್ಟಿ ಕಟ್ಟಿದ ಕೈಯನ್ನು ಮೈಕೆಳಗೆ ಹಾಕಿಕೊಂಡು ಮಲಗಿದಾಗ ಆ ಕೈಯ ರಕ್ತಸಂಚಾರ ತಡೆದು 82, 79 ಎಂಬ ಅಂಕಿಗಳು ಒಂಟಿಯಾಗಿ ಕಾಣಿಸಿ ಮಾಯವಾಗುತ್ತವೆ. ಅದರ ಬದಲು ನಕ್ಷೆಯ ಆಕಾರವನ್ನು ನೋಡಬೇಕು. ಗೆರೆ ಬಹುಮಟ್ಟಿಗೆ 94ರಿಂದ 97ರ ನಡುವೆ ಸಮವಾಗಿ ಹರಿದು, ಎಲ್ಲೋ ಒಂದೆರಡು ಕಡೆ ಮಾತ್ರ ಕೆಳಗೆ ಚುಚ್ಚಿದ್ದರೆ ಅದು ಕೈಯ ಆಟವೇ ಇರಬೇಕು. ಗೆರೆ ಗರಗಸದ ಹಲ್ಲಿನಂತೆ, ಒಂದೆರಡು ನಿಮಿಷಕ್ಕೊಮ್ಮೆ ಇಳಿದು ಏರಿ, ಇಳಿದು ಏರಿ, ಗಂಟೆಗಟ್ಟಲೆ ನಡೆದಿದ್ದರೆ ಉಸಿರು ಪದೇ ಪದೇ ನಿಂತು ಮತ್ತೆ ಶುರುವಾಗುತ್ತಿದೆ ಎಂದು ಸಂಶಯಪಡಬೇಕು. ಗರಗಸವಿಲ್ಲದೆ, ಗೆರೆಯೇ ರಾತ್ರಿಯ ಬಹುಭಾಗ 88ರಿಂದ 90ರ ಹತ್ತಿರ ತಗ್ಗಿ ಮಲಗಿದ್ದರೆ ಅದು ಬೇರೆ ಕಥೆ. ಶ್ವಾಸಕೋಶದ ಹಳೆಯ ಕಾಯಿಲೆಯಿರುವವರಲ್ಲಿ, ಬಹಳ ದಪ್ಪಗಿರುವವರಲ್ಲಿ ಹೀಗಾಗುತ್ತದೆ. ವರ್ಷಗಟ್ಟಲೆ ಬೀಡಿ ಸೇದಿದವರು, ಕಲ್ಲುಗಣಿ, ಸಿಮೆಂಟ್, ದಾಲ್‌ಮಿಲ್ಲಿನ ದೂಳಿನಲ್ಲಿ ದುಡಿದವರು, ಕಟ್ಟಿಗೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡಿದ ತಾಯಂದಿರು ಹೀಗೆ ತಗ್ಗಿ ಮಲಗಿದ ಗೆರೆಯ ಬಗ್ಗೆ ಹೆಚ್ಚು ಎಚ್ಚರವಾಗಿರಬೇಕು.

ಕುಸಿತಗಳು ರಾತ್ರಿಯ ಯಾವ ಜಾಮದಲ್ಲಿವೆ ಎಂಬುದೂ ಮಾತಾಡುತ್ತದೆ. ಕನಸು ಬೀಳುವ ನಿದ್ರೆ ಹೆಚ್ಚಾಗಿ ಬರುವುದು ನಸುಕಿನ ಕಡೆಗೆ. ಆಗ ಗಂಟಲಿನ ಸ್ನಾಯುಗಳು ಇನ್ನಷ್ಟು ಸಡಿಲವಾಗುವುದರಿಂದ ಕೆಲವರಲ್ಲಿ ಕುಸಿತಗಳೆಲ್ಲ ಮೂರರಿಂದ ಐದು ಗಂಟೆಯೊಳಗೆ ಗುಂಪಾಗುತ್ತವೆ. ಅಪ್ಪನ ನಕ್ಷೆ ಹಾಗೆಯೇ ಇತ್ತು. ಅವ್ವ ಬೆರಳೆಣಿಸುತ್ತಿದ್ದುದೂ ಕೋಳಿ ಕೂಗುವ ಮುಂಚಿನ ಹೊತ್ತಿನಲ್ಲಿಯೇ ಎಂದು ಕೇಳಿ ತಿಳಿದಾಗ ನನಗೆ ಪಟ್ಟಿಯ ಮೇಲೆ ಮೊದಲ ಸಲ ನಂಬಿಕೆ ಬಂತು.

ಇದರ ಇನ್ನೊಂದು ಮುಖವೂ ಇದೆ. ಅನೇಕ ಪಟ್ಟಿಗಳು ಪ್ರತಿ ಸೆಕೆಂಡೂ ಅಳೆಯುವುದಿಲ್ಲ. ಕೆಲವು ನಿಮಿಷಗಳಿಗೊಮ್ಮೆ ಅಳೆದು ಅಥವಾ ಸರಾಸರಿ ಮಾಡಿ ಒಂದು ಚುಕ್ಕೆ ಇಡುತ್ತವೆ. ಮೂವತ್ತು ಸೆಕೆಂಡಿನ ಒಂದು ಕುಸಿತ ಎರಡು ಚುಕ್ಕೆಗಳ ನಡುವಿನ ಖಾಲಿಯಲ್ಲಿ ಪೂರ್ತಿ ಅಡಗಿ ಹೋಗಬಹುದು. ಹಾಗಾಗಿ ನಕ್ಷೆ ಚೆನ್ನಾಗಿದ್ದ ಮಾತ್ರಕ್ಕೆ ಸ್ಲೀಪ್ ಆಪ್ನಿಯಾ ಇಲ್ಲವೆಂದು ಹೇಳಲಾಗದು. ಆಮ್ಲಜನಕ ಅಷ್ಟಾಗಿ ಇಳಿಯದೆಯೇ ನಿದ್ರೆ ಮಾತ್ರ ಮತ್ತೆ ಮತ್ತೆ ಮುರಿಯುವ ಆಪ್ನಿಯಾ ಕೂಡ ಉಂಟು. ಪಟ್ಟಿ ಸುಮ್ಮನಿದ್ದು, ಹೆಂಡತಿ ಅಥವಾ ಗಂಡ ‘ಉಸಿರು ನಿಲ್ಲುತ್ತದೆ’ ಎಂದರೆ, ನಂಬಬೇಕಾದದ್ದು ಹೆಂಡತಿಯನ್ನು, ಗಂಡನನ್ನು.

ಅಂಕಿ ಹೇಳದ ಸಂಗತಿಗಳೂ ಇವೆ. ಬೀಡಿ, ಸಿಗರೇಟಿನ ಹೊಗೆಯಲ್ಲಿ, ಮುಚ್ಚಿದ ಕೋಣೆಯ ಇದ್ದಿಲ ಅಗ್ಗಿಷ್ಟಿಕೆಯಲ್ಲಿ ಇರುವ ಇಂಗಾಲದ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡಾಗ, ಎರಡೇ ಬಣ್ಣದ ಬೆಳಕಿನ ಯಂತ್ರ ಅದನ್ನೂ ಆಮ್ಲಜನಕವೆಂದೇ ಎಣಿಸುತ್ತದೆ. ರಕ್ತಹೀನತೆಯಿರುವ ಹೆಣ್ಣುಮಕ್ಕಳಲ್ಲಿ ಇರುವಷ್ಟು ಹಿಮೋಗ್ಲೋಬಿನ್ ಆಮ್ಲಜನಕ ತುಂಬಿಕೊಂಡಿದ್ದರೆ ಅಂಕಿ 98 ಬಂದೇ ಬರುತ್ತದೆ. ಗಾಡಿಗಳೆಲ್ಲ ತುಂಬಿವೆ ಎಂದು ಯಂತ್ರ ಹೇಳುತ್ತದೆ, ಗಾಡಿಗಳೇ ಕಡಿಮೆಯಿವೆ ಎಂಬುದನ್ನು ಹೇಳುವುದಿಲ್ಲ.

ಎರಡು ವಾರದ ವಹಿ

ಆ್ಯಪ್ಪಿನಲ್ಲಿ ಎಲ್ಲವೂ ಉಳಿದಿರುತ್ತದೆಯಾದರೂ ಕೈಯಿಂದ ಬರೆದ ವಹಿಯನ್ನೇ ನಾನು ಮೆಚ್ಚುತ್ತೇನೆ, ಏಕೆಂದರೆ ಆ್ಯಪ್ಪಿಗೆ ಗೊತ್ತಿಲ್ಲದ್ದನ್ನು ಅದರಲ್ಲಿ ಬರೆಯಬಹುದು. ಪ್ರತಿದಿನ ಒಂದು ಸಾಲು ಸಾಕು: ಮಲಗಿದ ಹೊತ್ತು, ಎದ್ದ ಹೊತ್ತು, ಸರಾಸರಿ ಅಂಕಿ, 90ರ ಕೆಳಗೆ ಎಷ್ಟು ಹೊತ್ತು ಇತ್ತು, ಅಂಗಾತ ಮಲಗಿದ್ದರೋ ಮಗ್ಗುಲಾಗಿ ಮಲಗಿದ್ದರೋ, ಮೂಗು ಕಟ್ಟಿತ್ತೋ, ಕುಡಿದಿದ್ದರೋ, ನಿದ್ರೆ ಮಾತ್ರೆ ನುಂಗಿದ್ದರೋ, ಬೆಳಗ್ಗೆ ತಲೆನೋವಿತ್ತೋ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಎದ್ದರು, ಹಗಲಿನಲ್ಲಿ ತೂಕಡಿಕೆ ಬಂತೋ. ಮದ್ಯವೂ ಕೆಲವು ನಿದ್ರೆ ಮಾತ್ರೆಗಳೂ ಗಂಟಲಿನ ಸ್ನಾಯುಗಳನ್ನು ಸಡಿಲಿಸುವುದರಿಂದ ಆ ರಾತ್ರಿಯ ನಕ್ಷೆ ಉಳಿದವುಗಳಿಗಿಂತ ಕೆಟ್ಟಿರುತ್ತದೆ. ಮದುವೆ ಊಟ ಮುಗಿಸಿ ತಡವಾಗಿ ಬಂದು ಅಂಗಾತ ಮಲಗಿದ ರಾತ್ರಿಯದು ಅಪ್ಪನ ವಹಿಯಲ್ಲೇ ಅತ್ಯಂತ ಕೆಟ್ಟ ಸಾಲು. ಬೆನ್ನಿಗೆ ದಿಂಬು ಒತ್ತಿಟ್ಟು ಎಡಮಗ್ಗುಲಾಗಿ ಮಲಗಿಸಿದ ರಾತ್ರಿ ಕುಸಿತಗಳು ಎದ್ದು ಕಾಣುವಷ್ಟು ಕಡಿಮೆಯಿದ್ದವು.

ಪಕ್ಕದಲ್ಲಿ ಮಲಗುವವರು ಒಂದೆರಡು ರಾತ್ರಿ ಮೊಬೈಲಿನಲ್ಲಿ ಗೊರಕೆಯ ಧ್ವನಿಯನ್ನು ಹತ್ತು ನಿಮಿಷ ದಾಖಲಿಸಿಕೊಂಡರೆ ಇನ್ನೂ ಒಳ್ಳೆಯದು. ಗೊರಕೆ, ಮೌನ, ಆಮೇಲೆ ಗಂಟಲು ಬಿಡಿಸಿಕೊಂಡಂತೆ ಒಂದು ದೊಡ್ಡ ಉಸಿರು: ಈ ಮೂರನ್ನೂ ಕಿವಿಯಿಂದ ಕೇಳಿದ ವೈದ್ಯರು ಬೇರೆ ಪ್ರಶ್ನೆಗಳಿಗೆ ಬೇಗ ಬರುತ್ತಾರೆ. ಹೆಂಗಸರಲ್ಲಿ ದೊಡ್ಡ ಗೊರಕೆ ಇಲ್ಲದೆಯೇ ದಣಿವು, ನಿದ್ರೆಗೆಡುವುದು, ಬೆಳಗಿನ ತಲೆನೋವು ಮಾತ್ರ ಇರುವುದುಂಟು. ‘ಮನೆಗೆಲಸದ ದಣಿವು’ ಎಂದು ಅದನ್ನು ತಳ್ಳಿಹಾಕುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು.

ವೈದ್ಯರ ಬಳಿಗೆ

ಎಚ್ಚರವಿರುವಾಗ ಬೆರಳಿನ ಯಂತ್ರ 90ಕ್ಕಿಂತ ಕೆಳಗೆ ತೋರಿಸಿ, ಜೊತೆಗೆ ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು, ಮಾತು ತೊದಲುವುದು ಅಥವಾ ಮಂಪರು ಇದ್ದರೆ ವಹಿ, ನಕ್ಷೆ ಎಲ್ಲ ಬದಿಗಿಟ್ಟು 108ಕ್ಕೆ ಕರೆ ಮಾಡಬೇಕು. ಈ ಲಕ್ಷಣಗಳಿದ್ದು ಅಂಕಿ ಚೆನ್ನಾಗಿದ್ದರೂ ಕರೆ ಮಾಡಬೇಕು. ಎಚ್ಚರದಲ್ಲಿ ಸುಮ್ಮನೆ ಕುಳಿತಾಗ ಅಂಕಿ ಮತ್ತೆ ಮತ್ತೆ 92 ಅಥವಾ ಅದಕ್ಕಿಂತ ಕೆಳಗೆ ಬರುತ್ತಿದ್ದರೆ ಅದೇ ದಿನ ವೈದ್ಯರನ್ನು ಕಾಣುವುದು ಒಳ್ಳೆಯದು. ನಿದ್ರೆಯ ನಕ್ಷೆಯಲ್ಲಿ ಮಾತ್ರ ತೊಂದರೆ ಕಾಣುತ್ತಿದ್ದರೆ, ಅದು ಹಲವು ರಾತ್ರಿ ಮರುಕಳಿಸಿದ್ದರೆ, ಶ್ವಾಸಕೋಶ ತಜ್ಞರನ್ನೋ ಕಿವಿ-ಮೂಗು-ಗಂಟಲು ತಜ್ಞರನ್ನೋ ಒಂದೆರಡು ವಾರದೊಳಗೆ ಭೇಟಿಯಾಗಬೇಕು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಮೊದಲ ತಪಾಸಣೆಗೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡಬೇಕಾಗಿಲ್ಲ.

ವೈದ್ಯರು ಪಟ್ಟಿಯ ನಕ್ಷೆ ನೋಡಿ ರೋಗ ನಿರ್ಧರಿಸುವುದಿಲ್ಲ, ನಿರ್ಧರಿಸಲೂಬಾರದು. ನಾನು ಮೊದಲ ಸಲ ಹೋದಾಗ ಮೊಬೈಲನ್ನು ಮುಂದೆ ಹಿಡಿದದ್ದೇ ತಪ್ಪಾಯಿತು. ಆ ವೈದ್ಯರು ಪರದೆಯತ್ತ ನೋಡದೆ ರಕ್ತದೊತ್ತಡ ನೋಡತೊಡಗಿದರು. ಎರಡನೆಯ ಸಲ ಬೇರೆ ಕಡೆ ಹೋದಾಗ ಅವ್ವನನ್ನು ಕರೆದುಕೊಂಡು ಹೋದೆ, ವಹಿಯ ಒಂದು ಹಾಳೆ ಕೊಟ್ಟೆ, ಮೊಬೈಲನ್ನು ಕಿಸೆಯಲ್ಲೇ ಇಟ್ಟೆ. ವೈದ್ಯರು ಕತ್ತಿನ ಸುತ್ತಳತೆ ಅಳೆದರು, ಕುಳಿತಲ್ಲೇ ನಿದ್ರೆ ಹತ್ತುತ್ತದೆಯೇ ಎಂದು ಕೇಳಿದರು, ಅವ್ವನ ಬೆರಳೆಣಿಕೆಯನ್ನು ಕೇಳಿ ಒಂದು ಕ್ಷಣ ಬರೆಯುವುದನ್ನು ನಿಲ್ಲಿಸಿದರು, ಆಮೇಲೆ ಸ್ಲೀಪ್ ಸ್ಟಡಿ ಬರೆದುಕೊಟ್ಟರು. ಈ ಪರೀಕ್ಷೆಯಲ್ಲಿ ಮೂಗಿನ ಬಳಿಯ ಗಾಳಿಯ ಹರಿವು, ಎದೆ ಹೊಟ್ಟೆಗಳ ಚಲನೆ, ಬೆರಳಿನ ಆಮ್ಲಜನಕ ಎಲ್ಲವನ್ನೂ ಒಟ್ಟಿಗೆ ದಾಖಲಿಸುತ್ತಾರೆ. ಆಸ್ಪತ್ರೆಯಲ್ಲಿ ಮಾಡುವ ಪೂರ್ಣ ಪರೀಕ್ಷೆಯಲ್ಲಿ ಮಿದುಳಿನ ಅಲೆಗಳೂ ಸೇರುತ್ತವೆ. ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ಗಣನೀಯವಾಗಿ ಕುಗ್ಗಿತು ಎಂಬುದರ ಮೇಲೆ ತೀರ್ಮಾನ: ದೊಡ್ಡವರಲ್ಲಿ ಐದಕ್ಕಿಂತ ಕಡಿಮೆಯಾದರೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕೂ ಮೇಲಾದರೆ ತೀವ್ರ. ರಕ್ತದೊತ್ತಡ ಮಾತ್ರೆಗೆ ಬಗ್ಗದಿರುವವರು, ರಾತ್ರಿ ಲಾರಿ, ಬಸ್ಸು ಓಡಿಸುವವರು ಈ ಪರೀಕ್ಷೆಯನ್ನು ಮುಂದೂಡಬಾರದು. ಸ್ಟಿಯರಿಂಗ್ ಹಿಡಿದವರ ತೂಕಡಿಕೆ ಅವರೊಬ್ಬರ ಕಾಯಿಲೆಯಾಗಿ ಉಳಿಯುವುದಿಲ್ಲ.

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರ) ಇಟ್ಟುಕೊಂಡವರಿಗೆ ಒಂದು ಗಂಭೀರ ಎಚ್ಚರಿಕೆ. ಪಟ್ಟಿ 89 ತೋರಿಸಿತೆಂದು ರಾತ್ರಿ ಎದ್ದು ಆಮ್ಲಜನಕದ ಹರಿವನ್ನು ತಾವಾಗಿಯೇ ಏರಿಸಬಾರದು. ಶ್ವಾಸನಾಳದ ದೀರ್ಘಕಾಲದ ಕಾಯಿಲೆಯಲ್ಲಿ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುವ ಅಪಾಯವಿರುವ ರೋಗಿಗಳಿಗೆ ವೈದ್ಯರು ಬೇಕೆಂದೇ 88ರಿಂದ 92ರ ಮಟ್ಟವನ್ನು ಗುರಿಯಾಗಿಡುತ್ತಾರೆ. ಹೆಚ್ಚು ಆಮ್ಲಜನಕ ಕೊಟ್ಟರೆ ಆ ಡೈಆಕ್ಸೈಡ್ ಏರಿ ಮಂಪರು ಕವಿಯಬಹುದು. ಹರಿವು ಎಷ್ಟಿರಬೇಕೆಂದು ವೈದ್ಯರ ಕೈಬರಹದಲ್ಲೇ ಬರೆಸಿಕೊಂಡು ಯಂತ್ರಕ್ಕೆ ಅಂಟಿಸಿಡಿ.

ಚಿಕಿತ್ಸೆ ಶುರುವಾದ ಮೇಲೂ ಪಟ್ಟಿಗೆ ಕೆಲಸವಿದೆ. ಮುಖವಾಡದ ಮೂಲಕ ಗಾಳಿಯನ್ನು ಒತ್ತಡದಲ್ಲಿ ಕೊಟ್ಟು ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು 1981ರಲ್ಲಿ ಜಗತ್ತಿಗೆ ಪರಿಚಯಿಸಿದವರು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲ್ಲಿವನ್. ಅಪ್ಪನಿಗೆ ಅದು ಬಂದ ಮೊದಲ ತಿಂಗಳು ಪ್ರತಿ ರಾತ್ರಿಯೂ, ಆಮೇಲೆ ತಿಂಗಳಿಗೊಂದು ವಾರ ಪಟ್ಟಿ ಕಟ್ಟುತ್ತಿದ್ದೇವೆ. ಒಮ್ಮೆ ನಸುಕಿನ ಗರಗಸ ಮತ್ತೆ ಕಾಣಿಸಿತು. ಅವ್ವನನ್ನು ಕೇಳಿದರೆ, “ಮೂರು ದಿನದಿಂದ ಆ ಮುಖವಾಡದಾಗಿಂದ ಗಾಳಿ ಸುಯ್ ಅಂತ ಹೊರಗ ಬರ್ಲಾಕತ್ತದ” ಎಂದಳು. ಮುಖವಾಡ ಕಟ್ಟುವ ಪಟ್ಟಿಯ ರಬ್ಬರ್ ಸವೆದಿರಬೇಕೆಂದು ಬಿಚ್ಚಿ ನೋಡಿದೆವು. ಸವೆದದ್ದು ಮುಖವಾಡದ ಅಂಚಿನ ಸಿಲಿಕೋನ್. ಹೊಸದನ್ನು ಹಾಕಿದ ಎರಡನೆಯ ರಾತ್ರಿಗೆ ಗೆರೆ ಮತ್ತೆ 95ರ ಹತ್ತಿರ ಸಮವಾಯಿತು.